ವಿಲ್ಫ್‌ನ ಮೊದಲ ಸಾಲು

ವಿಲ್ಫ್‌ನ ಎಡಗೈಯ ಒಂಟಿ ಬೆರಳು ಒಂದು ಅಕ್ಷರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬಾರ್ನ್ಸ್ಲಿ ಊರಿನ ಮಂದಿಯೆಲ್ಲ ಉಂಡು, ಮಲಗಿ, ಏಳಬಹುದಿತ್ತು. ಲಕ್ವ ಹೊಡೆದು ಮಾತು ನಿಂತ ಮೇಲೆ ಅವನು ಏನನ್ನಾದರೂ ಹೇಳಲು ಹೊರಟದ್ದು ಇದೇ ಮೊದಲು. ಆ ಮೈಯೊಳಗೆ ತನ್ನ ಗಂಡ ಇನ್ನೂ ಉಳಿದಿದ್ದಾನೋ ಇಲ್ಲವೋ ಎಂದು ಈಡಿ ಉಸಿರು ಬಿಗಿಹಿಡಿದು ಕೂತಿದ್ದಳು. ತಾನು ಕಲಿಸುವ ಶಾಲೆಗೆ ಹೊಸದಾಗಿ ಬಂದಿದ್ದ ಕಂಪ್ಯೂಟರನ್ನು ಮಗಳು ಮೌರೀನ್ ಹೊತ್ತು ತಂದು ಟಿವಿಗೆ ಜೋಡಿಸಿದ್ದಳು. ಅದರ ಪರದೆಯ ಮೇಲೆ ಕೊನೆಗೂ ಒಂದು ಸಾಲು ಮೂಡಿತು: 'ನಿನ್ನ ಗ್ರೇವಿ ಬರೀ ನೀರು.'

ಸಾಲು ಮುಗಿಯಿತೆಂದು ಯಂತ್ರಕ್ಕೆ ತಿಳಿಸುವ ಬಲಗಡೆಯ ಗುಂಡಿಯನ್ನು ವಿಲ್ಫ್ ಒತ್ತಿದ. ತನಗೆ ತಿಳಿಯದ ಏನನ್ನು ಬರೆದರೂ ಒಂದೇ ಉತ್ತರ ಕೊಡುವ ಆ ಯಂತ್ರ ಕೆಳಗೆ ಬರೆಯಿತು: 'ತಪ್ಪು.'

"ನೋಡ್ದ್ಯಾ ಮುದುಕಾ, ಮಿಷಿನ್ನಿಗೂ ಗೊತ್ತು ನನ್ ಕೈರುಚಿ!" ಎಂದಳು ಈಡಿ.

ವಿಲ್ಫ್ ಹುಬ್ಬು ಗಂಟಿಕ್ಕಿ ಮತ್ತೆ ಒಂದೊಂದೇ ಅಕ್ಷರ ಒತ್ತಿದ: 'ಇದಕ್ಕೆ ನಾಲಿಗೆ ಎಲ್ಲಿದೆ?' ಯಂತ್ರ ಮತ್ತೆ 'ತಪ್ಪು' ಎಂದಿತು.

"ತಡಿ ಅಪ್ಪಾ, ಅದು ಅಡ್ಡಬಾಯಿ ಹಾಕ್ದೇ ಇರೋ ಹಂಗೆ ಮಾಡ್ತೀನಿ," ಎಂದು ಮೌರೀನ್ ಮುಂದೆ ಬಾಗಿದಳು.

ಈಡಿ ಅವಳ ಕೈ ಹಿಡಿದಳು. "ಮುಟ್ಬೇಡ ಕಣೇ. ನಿಮ್ಮಪ್ಪ ಜಗಳಕ್ಕೆ ವಾಪಸ್ ಬಂದಿದ್ದಾನೆ." ಆಮೇಲೆ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತಳು. "ಹೂಂ, ಬೈಯಿ."