ಅರ್ಧಕ್ಕಿಳಿಸಿದ ನೀರು

"ಅದನ್ನ ಮಗೂಗೆ ಕೊಡ್ಬೇಡಿ ಅಕ್ಕಾ!" ಬಾವಿ ನೀರು ಪರೀಕ್ಷೆ ಮಾಡಲು ಬಂದಿದ್ದ ಹುಡುಗಿ ಕೂಗಿದಳು. ಹಾಲಿನ ಬಾಟಲಿ ಹಿಡಿದ ತಾಯಿಯ ಕೈ ಮಗುವಿನ ಬಾಯಿಯ ಹತ್ತಿರವೇ ನಿಂತಿತು. ಬಾವಿ ನೀರಲ್ಲಿ ಕಲಸಿದ ಪುಡಿಹಾಲು ಬಿಟ್ಟರೆ ಬೇರೇನೂ ಕುಡಿಯದ ಮಗು. ಅದರ ತುಟಿ ನೇರಳೆಗಟ್ಟಿತ್ತು.

"ಹಸಿ ನೀರಲ್ಲಮ್ಮ ಅದು," ಅತ್ತೆ ಒಲೆಯ ಮುಂದಿನಿಂದಲೇ ಗದರಿದರು. "ನನ್ನ ಸೊಸೆಗೆ ಬೇರೆ ಅಡುಗೆ ಬರಲ್ಲ, ನೀರು ಕಾಯ್ಸೋದು ಮಾತ್ರ ಚೆನ್ನಾಗಿ ಬರುತ್ತೆ. ಪಾತ್ರೆ ಅರ್ಧಕ್ಕಿಳಿಯೋವರೆಗೂ ಬಿಡಲ್ಲ."

ಹುಡುಗಿ ಎರಡು ಕಾಗದದ ಪಟ್ಟಿಗಳನ್ನು ಮುಂದೆ ಹಿಡಿದಳು. ಬಾವಿ ನೀರಿನಲ್ಲಿ ಅದ್ದಿದ್ದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕಾಯಿಸಿದ ನೀರಿನಲ್ಲಿ ಅದ್ದಿದ್ದು ಅದಕ್ಕಿಂತ ಗಾಢವಾಗಿತ್ತು. "ಕಾಯ್ಸಿದ್ರೆ ಸಾಯೋಕೆ ಇದು ಕ್ರಿಮಿಯಲ್ಲ ಅಕ್ಕಾ, ನೈಟ್ರೇಟು ಅನ್ನೋ ಲವಣ. ಮಗೂ ತುಟಿ ಹೀಗಾಗಿರೋದು ಇದರಿಂದ್ಲೇ ಇರಬೇಕು. ಕೊಟ್ಟಿಗೆ ಗಂಜಲ ಇಂಗಿ ಬಾವಿಗೆ ಇಳಿದಿರಬೇಕು. ನೀರು ಆವಿಯಾಗಿ ಹೋಗುತ್ತೆ, ಇದು ಹೋಗಲ್ಲ. ಕಾಯ್ಸಿದಷ್ಟೂ ಗಟ್ಟಿಯಾಗುತ್ತೆ. ಮೊದಲು ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ತಾಯಿ ಪಟ್ಟಿಯನ್ನು ನೋಡಿದಳು, ಮಗುವಿನ ತುಟಿಯನ್ನು ನೋಡಿದಳು. ತುಟಿ ಕಪ್ಪಾದಷ್ಟೂ ಅವಳು ನೀರನ್ನು ಹೆಚ್ಚು ಹೊತ್ತು ಕಾಯಿಸಿದ್ದಳು. ಹಸಿದ ಮಗು ಬಾಟಲಿ ಸಿಗದೆ ಅವಳ ಬೆರಳನ್ನೇ ಬಾಯಿಗೆಳೆದುಕೊಂಡು ಚೀಪತೊಡಗಿತು. ಬೆರಳು ಆ ನೀರಿನಿಂದಲೇ ಒದ್ದೆಯಾಗಿತ್ತು. ಅವಳು ಅದನ್ನು ಕಿತ್ತುಕೊಂಡು ಬಟ್ಟೆಗೆ ಒರೆಸಿದಳು, ಚರ್ಮ ಸುಲಿಯುವ ಹಾಗೆ ಮತ್ತೆ ಮತ್ತೆ ಒರೆಸಿದಳು. ಅತ್ತೆ ಒಲೆ ಆರಿಸಿ ಬಂದು ಆ ಕೈಯನ್ನು ಗಟ್ಟಿಯಾಗಿ ಹಿಡಿದರು.

"ಕಾಯ್ಸು ಅಂತ ಹೇಳಿಕೊಟ್ಟಿದ್ದೇ ನಾನು," ಎಂದರು. "ಎದ್ದು ಓಡೇ."