ಬೇಡವಾದದ್ದರ ಪಟ್ಟಿ

"ಪ್ರಭಾ, ಮುಖದ ಮೇಲಿನ ಬಂಗಿಗೆ ಇಂಗ್ಲಿಷಲ್ಲಿ ಏನಂತಾರೆ ಕಣೇ?" ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ವಾಸುದೇವ ಕೇಳಿದ.

ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಅವನ ಹೆಂಡತಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. "ಮೆಲಾಸ್ಮಾ. ಯಾಕೆ, ಯಾರಿಗಾಗಿದೆ?"

"ಯಾರಿಗೆ ಅಂದ್ರೆ? ನಿನಗೇ. ಸ್ಪೆಲ್ಲಿಂಗ್ ಹೇಳು."

ಅವಳು ಒಂದೊಂದೇ ಅಕ್ಷರ ಹೇಳಿದಳು. ಅವನು ಟೈಪು ಮಾಡಿಕೊಂಡ. ಬರುವ ಶನಿವಾರ ಅವರಿರುವ ಫ್ರೀಮಾಂಟ್ ಊರಿನ ಹಾಲೊಂದರಲ್ಲಿ ಅವರ ಮದುವೆಯ ಇಪ್ಪತ್ತೈದನೇ ವರ್ಷದ ಪಾರ್ಟಿ. ಬಾಗಿಲಲ್ಲಿ ಗಂಡಹೆಂಡಿರ ಆಳೆತ್ತರದ ಚಿತ್ರ ನಿಲ್ಲಬೇಕು, ಅದೂ ಫ್ಯಾಷನ್ ಪತ್ರಿಕೆಯ ಮುಖಪುಟದಂತೆ ಇರಬೇಕು ಎಂದು ವಾಸುದೇವನ ಹಟ. ಇಬ್ಬರ ಫೋಟೋ ಕೊಟ್ಟು, ಹೇಗಿರಬೇಕೆಂದು ನಾಲ್ಕು ಸಾಲು ಬರೆದರೆ ಎಐ ಮಾಡಿಕೊಡುತ್ತದೆ. ಎರಡು ದಿನದಿಂದ ಆ ನಾಲ್ಕು ಸಾಲನ್ನೇ ತಿದ್ದುತ್ತಿದ್ದ. ಸಂಜೆಯ ಹೊಂಬಿಸಿಲು, ಹಿಂದೆ ಸೇತುವೆ, ಗಾಳಿಗೆ ಹಾರುವ ರೇಷ್ಮೆ ಸೆರಗು, ಇವೆಲ್ಲ ಮೇಲಿನ ಚೌಕದಲ್ಲಿ. ಚಿತ್ರದಲ್ಲಿ ಏನೇನು ಬರಕೂಡದು ಎಂದು ಬರೆಯುವುದಕ್ಕೆ ಕೆಳಗೆ ಬೇರೆ ಚೌಕವಿತ್ತು.

ಪ್ರಭಾ ಎದ್ದುಬಂದು ಅವನ ಬೆನ್ನ ಹಿಂದೆ ನಿಂತು ಕೆಳಗಿನದನ್ನು ಓದಿದಳು. ಹೆಂಡತಿಯ ಕೆನ್ನೆಯ ಬಂಗು ಬೇಡ. ಮುಂಗೈಯ ಸುಟ್ಟ ಕಲೆ ಬೇಡ. ನರೆ ಬೇಡ. ಕಣ್ಣಿನ ಕೆಳಗಿನ ಕಪ್ಪು ಬೇಡ.

"ನಿಮ್ಮದು ಒಂದೂ ಕಾಣಿಸ್ತಿಲ್ವಲ್ಲ ರೀ? ಬೋಳುತಲೆ, ಹೊಟ್ಟೆ?"

"ಅವನ್ನ ತೆಗೆದ್ರೆ ಅದು ನಾನೇ ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು!" ಅವನು ತನ್ನ ಮಾತಿಗೆ ತಾನೇ ನಕ್ಕ.

"ಬಂಗು, ಸಂಯುಕ್ತಾ ಹೊಟ್ಟೇಲಿದ್ದಾಗ ಬಂದಿದ್ದು. ಕೈ ಸುಟ್ಟಿದ್ದು ಅವಳು ಅಂಬೆಗಾಲಿಟ್ಟು ಬಂದು ಬಿಸಿನೀರಿನ ಕೆಟಲ್ ವೈರು ಎಳೆದಾಗ. ನಾನು ಕೈ ಅಡ್ಡ ಹಿಡಿದೆ. ನೀವು ಇದೇ ಮನೇಲಿ, ಫೋನ್ ಮೀಟಿಂಗಲ್ಲಿದ್ರಿ."

"ಗೊತ್ತು ಮಾರಾಯ್ತಿ. ಬಂದೋರಿಗೆಲ್ಲ ಬಾಗಿಲಲ್ಲಿ ಆ ಕಥೆ ಹೇಳ್ಕೊಂಡು ನಿಂತ್ಕೊಳ್ಳೋಕಾಗುತ್ತಾ? ಪ್ರಿಂಟಿನವನು ಮಧ್ಯಾಹ್ನದೊಳಗೆ ಕೇಳಿದಾನೆ. ಸುಮ್ನೆ ನೋಡು ಈಗ."

ಗುಂಡಿ ಒತ್ತಿದ. ಚಿತ್ರ ಬಂತು. ವಾಸುದೇವ ಬೋಳುತಲೆ, ಹೊಟ್ಟೆ ಸಮೇತ ದೊಡ್ಡಮನುಷ್ಯನ ಹಾಗೆ ನಿಂತಿದ್ದ. ಅವನ ಭುಜಕ್ಕೆ ನುಣ್ಣನೆಯ ಕೈಯಿಟ್ಟು ಇಪ್ಪತ್ತೈದರ ಹೆಣ್ಣೊಬ್ಬಳು ನಗುತ್ತಿದ್ದಳು. ಪ್ರಭಾಳದೆಂದು ಹೇಳಬಹುದಾದದ್ದು ಮೂಗೊಂದೇ.

"ಮದುವೆಯಾದಾಗ ಥೇಟ್ ಹೀಗೇ ಇದ್ದೆ ಕಣೇ." ಅವನು ತೆರೆಯನ್ನೇ ನೋಡುತ್ತ ಹೇಳಿದ.

"ಇರ್ಲಿಲ್ಲ. ಆಗ ನನ್ನನ್ನ ಸರಿಯಾಗಿ ನೋಡಿದ್ರಾ ನೀವು?"

ಅಷ್ಟರಲ್ಲಿ ಸಂಯುಕ್ತಾ ಕಾಫಿ ಲೋಟ ಹಿಡಿದು ರೂಮಿನಿಂದ ಬಂದಳು. ತೆರೆಯನ್ನು ಬಗ್ಗಿ ನೋಡಿ, "ಓ ಮೈ ಗಾಡ್ ಅಪ್ಪಾ! ಹೂ ಈಸ್ ಶಿ?" ಎಂದು ನಕ್ಕಳು.

"ಯಾರು ಅಂದ್ರೆ? ನಿಮ್ಮಮ್ಮ!"

"ನೋ ವೇ." ಮಗಳು ಅಮ್ಮನ ಮುಖ ನೋಡಿದಳು, ಮತ್ತೆ ತೆರೆ ನೋಡಿದಳು, ನಗು ನಿಲ್ಲಿಸಿದಳು.

ವಾಸುದೇವ ಉತ್ಸಾಹ ತಂದುಕೊಂಡು, "ಬಾ ಪುಟ್ಟಿ, ನಿನ್ನನ್ನೂ ಮಧ್ಯೆ ನಿಲ್ಲಿಸ್ತೀನಿ. ಇವರ ಮಗಳು ಅಂತ ಒಂದು ಸಾಲು ಸೇರಿಸಿದ್ರಾಯ್ತು," ಎನ್ನುತ್ತ ಕೀಬೋರ್ಡಿಗೆ ಕೈಹಾಕಿದ.

ಪ್ರಭಾ ತನ್ನ ಕುರ್ಚಿಗೆ ಹೋಗಿ ಕೂತಳು.

"ಹಾಗೆ ಬರೆಯೋಕಾಗಲ್ಲ ರೀ," ಎಂದಳು. "ಆ ಹೆಂಗಸು ಇನ್ನೂ ಹೆತ್ತಿಲ್ಲ."