ಅಕ್ಕನ ಡೇಲಿಯಾ

ಅಪ್ಪ ಹಿತ್ತಿಲಿಗೆ ಬರುವ ಮೊದಲೇ ತಂಗಿ ಓಡಿದಳು. ಡೇಲಿಯಾ ಗಿಡದ ಆಸರೆ ಕೋಲಿನ ಮೇಲೆ ಬಿಳಿ ಪುಡಿ ಹತ್ತಿದ ಬೆರಳ ಗುರುತುಗಳಿದ್ದವು. ಸೆರಗಿನಿಂದ ಒರೆಸಿದಳು.

ಪಕ್ಕದ ಮೊಗ್ಗುಗಳನ್ನೆಲ್ಲ ಯಾರೋ ಚಿವುಟಿದ್ದರು. ಚೆನ್ನಾಗಿ ಅರಳಲೆಂದು ನಡುವಿನ ದೊಡ್ಡದನ್ನು ಮಾತ್ರ ಉಳಿಸಿದ್ದರು. ಚಿವುಟಿದವನ್ನು ಹಿತ್ತಿಲ ಗೋಡೆಯ ಮೇಲೆ ಸಾಲಾಗಿ ಇಟ್ಟಿದ್ದರು. ಹಾಗೆ ಇಡುವ ಚಾಳಿ ಈ ಮನೆಯಲ್ಲಿ ಇದ್ದದ್ದು ಒಬ್ಬಳಿಗೇ, ಅಕ್ಕನಿಗೆ.

ತಂಗಿ ಮೊಗ್ಗುಗಳನ್ನು ಬಾಚಿಕೊಂಡು, ಒದ್ದೆ ಮಣ್ಣಿನ ಮೇಲಿನ ಹೆಜ್ಜೆಯನ್ನು ಕಾಲಿನಿಂದ ಅಳಿಸಿದಳು.

ಅಕ್ಕ ಹೋದ ದಿನವೇ ಅಪ್ಪ ಅವಳ ಫೋಟೋವನ್ನು ಗೋಡೆಯಿಂದ ಇಳಿಸಿದ್ದ. ಯಾರಾದರೂ ಅವಳ ಹೆಸರೆತ್ತಿದರೆ ಅವನ ಹೊಲಿಗೆ ಯಂತ್ರ ಗಕ್ಕನೆ ನಿಲ್ಲುತ್ತಿತ್ತು. ಅಮ್ಮ ಊಟಕ್ಕೆ ಕೈತಪ್ಪಿ ಒಂದು ತಟ್ಟೆ ಹೆಚ್ಚು ಹಾಕುತ್ತಿದ್ದಳು. ಆಮೇಲೆ ಸದ್ದಿಲ್ಲದೆ ಎತ್ತಿಡುತ್ತಿದ್ದಳು. ಮನೆ ಬಿಕೋ ಎನ್ನುತ್ತಿತ್ತು.

"ಆ ಗಿಡ ಕಿತ್ತುಹಾಕಿ ಅಂದಿದ್ದೆ," ಎಂದ ಅಪ್ಪ, ಊರಿನ ಫಲಪುಷ್ಪ ಪ್ರದರ್ಶನಕ್ಕೆಂದು ಬೆಳೆಸಿದ ಕುಂಬಳಕಾಯಿಯನ್ನು ಉಜ್ಜುತ್ತ.

"ಪ್ರದರ್ಶನ ಮುಗೀಲಿ ಬಿಡಿ. ಅವಳು ನೆಟ್ಟಿದ್ದು," ಎಂದಳು ಅಮ್ಮ.

"ಈಗ ನೀರು ಹಾಕೋರು ಯಾರು?"

ಗಿಡದ ಬುಡ ತೊಯ್ದಿತ್ತು. ಅಪ್ಪ ಅದನ್ನೇ ದಿಟ್ಟಿಸುತ್ತ ನಿಂತ.

ಪ್ರದರ್ಶನದ ದಿನ ತಂಗಿಗೆ ಬೇಗ ಎಚ್ಚರವಾಯಿತು. ಕಿಟಕಿಯಾಚೆ ಮಂಜು. ಗಿಡಗಳ ನಡುವೆ ಒಂದು ಆಕಾರ ಬಾಗಿತ್ತು. ಮಗುವಿನ ಗಲ್ಲ ಎತ್ತುವಂತೆ ಅದರ ಕೈ ಒಂದು ಹೂವನ್ನು ಎತ್ತಿತು. ಕರೆಯಬೇಕೆನಿಸಿತು. ಕರೆದರೆ ಮತ್ತೆಂದೂ ಬಾರದೇ ಹೋದರೆ?

ಬೆನ್ನ ಹಿಂದೆ ಉಸಿರು ಕೇಳಿಸಿತು. ಬಾಗಿಲಲ್ಲಿ ಅಪ್ಪ ನಿಂತಿದ್ದ. ಅವನೂ ನೋಡಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ತಿರುಗಿ ಒಳಗೆ ಹೋದ.

ಶಾಲೆಯ ಸಭಾಂಗಣದಲ್ಲಿ ಅಪ್ಪನ ಕುಂಬಳಕಾಯಿಯತ್ತ ಯಾರೂ ತಿರುಗಿ ನೋಡಲಿಲ್ಲ. ಹೊರಗಿನಿಂದ ಬಂದಿದ್ದ ತೀರ್ಪುಗಾರ, ತಂಗಿ ಕೊಯ್ದು ತಂದಿಟ್ಟಿದ್ದ ಡೇಲಿಯಾದ ಮುಂದೆ ನಿಂತವನು ಅಲ್ಲಾಡಲಿಲ್ಲ.

"ಮೊದಲ ಬಹುಮಾನ ಇದಕ್ಕೇ. ಯಾರಮ್ಮ ಬೆಳೆಸಿದ್ದು?"

"ನಮ್ಮಕ್ಕ," ಎಂದಳು ತಂಗಿ.

"ಎಲ್ಲಿ ಅವರು?"

ತಂಗಿ ಅಪ್ಪನ ಕಡೆ ನೋಡಿದಳು. ಸುತ್ತಲಿದ್ದ ಹೆಂಗಸರು ತಲೆ ತಗ್ಗಿಸಿದರು. ಅಮ್ಮ ಕಣ್ಣೊರೆಸಿಕೊಂಡಳು. ತೀರ್ಪುಗಾರನಿಗೆ ಅರ್ಥವಾದಂತಾಯಿತು. ಟೋಪಿ ತೆಗೆದ.

"ಕ್ಷಮಿಸಮ್ಮ, ಗೊತ್ತಿರಲಿಲ್ಲ. ತೀರಿಕೊಂಡು ಎಷ್ಟು ದಿನವಾಯ್ತು?"

ಅಪ್ಪ ಮುಂದೆ ಬಂದ. "ಸತ್ತಿಲ್ಲ ಸ್ವಾಮಿ. ನನ್ನ ಪಾಲಿಗೆ ಸತ್ತಳು ಅಂತ ನಾನೇ ಹೇಳಿಕೊಂಡು ತಿರುಗಿದೆ. ಬೇಕರಿಯವನನ್ನ ಮದುವೆಯಾಗಿ ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾಳೆ." ಆಮೇಲೆ ತಂಗಿಯ ಕಡೆ ತಿರುಗಿದ. "ನೋಡ್ತಾ ನಿಂತಿದ್ದೀಯಲ್ಲ, ಹೋಗು, ನಿಮ್ಮಕ್ಕನ್ನ ಕರ್ಕೊಂಡು ಬಾ."